ಮಸ್ಕತ್‌ನಿಂದ ಸಲಾಲ: ಮರುಭೂಮಿಯಲ್ಲಿ ದಾರಿ ತೋರಿದವರು ಯಾರು?

ಪೆರ್ಲದವ, ಮಸ್ಕತ್

ಎಲ್ಲರಿಗೂ ನಮಸ್ಕಾರ. ಈ ಚಳಿಗಾಲದಲ್ಲಿ ಮಸ್ಕತ್‌ನಿಂದ ಸಲಾಲಕ್ಕೆ ಕಾರಿನಲ್ಲೇ ಹೋಗಿ ಬಂದೆವು. ಸುಮಾರು 1000 ಕಿ.ಮೀ. ದಾರಿ. ನಮ್ಮ ಕಾಸರಗೋಡಿನ ಕಡೆಯವರು ಒಮಾನ್‌ನಲ್ಲಿ ತುಂಬಾ ಜನ ಇದ್ದಾರೆ. ಆದರೆ ಹೆಚ್ಚಿನವರು ಸಲಾಲಕ್ಕೆ ವಿಮಾನ ಹತ್ತುತ್ತಾರೆ. ಒಮ್ಮೆಯಾದರೂ ರಸ್ತೆಯಲ್ಲಿ ಹೋಗಿ ಅಂತ ಹೇಳೋಕೆ ಇದನ್ನು ಬರೀತಾ ಇದ್ದೇನೆ.

ನಿಝ್ವಾ, ಆದಂ, ಹೈಮಾ, ತುಮ್ರೈತ್, ಆಮೇಲೆ ಸಲಾಲ. ಆದಂ ದಾಟುವವರೆಗೆ ಬೆಟ್ಟ ಇದೆ, ಖರ್ಜೂರದ ತೋಟ ಇದೆ. ಅಲ್ಲಿಂದ ಮುಂದೆ ಬರೀ ಜಲ್ಲಿಕಲ್ಲಿನ ಬಯಲು. ಮರುಭೂಮಿ ಅಂದರೆ ಮರಳಿನ ದಿಬ್ಬ ಅಂತ ನಾವು ಅಂದುಕೊಂಡಿರುತ್ತೇವೆ. ಈ ಹೆದ್ದಾರಿಯಲ್ಲಿ ಅದು ಸಿಗುವುದಿಲ್ಲ. ದಿಬ್ಬ ನೋಡಬೇಕಾದರೆ ತುಮ್ರೈತ್ ಕಡೆಯಿಂದ ಪಶ್ಚಿಮಕ್ಕೆ ಹೊರಳಿ ಶಿಸ್ರ್‌ಗೆ ಹೋಗಬೇಕು. ಅಲ್ಲಿಂದಲೂ ಮುಂದೆ ಅಲ್ ಹಶ್ಮಾನ್ ಎಂಬ ಸಣ್ಣ ಊರಿದೆ. ಅದರಾಚೆ ರುಬ್ ಅಲ್ ಖಾಲಿ. ಸೌದಿ, ಒಮಾನ್, ಯೆಮನ್, ಎಮಿರೇಟ್ಸ್ ನಾಲ್ಕೂ ಕಡೆಗೆ ಹರಡಿರುವ ಮರಳು, ಸುಮಾರು 6.5 ಲಕ್ಷ ಚದರ ಕಿ.ಮೀ. ನಮ್ಮ ಕೇರಳದಂಥ ಹದಿನಾರು ರಾಜ್ಯ ಅದರೊಳಗೆ ಹಿಡಿಸುತ್ತವೆ.

ಮರಳಿಗೆ ಇಳಿಯಲು ಅಲ್ಲಿಯವರೇ ಒಬ್ಬರನ್ನು ಜೊತೆಗೆ ಕರೆದುಕೊಂಡೆವು. ರಾಶಿದ್ ಕುಲದವರು, ವಯಸ್ಸು ಐವತ್ತು ದಾಟಿದೆ. ಡಾಂಬರು ಮುಗಿದ ಕಡೆ ಗಾಡಿ ನಿಲ್ಲಿಸಿದರು. ನಾಲ್ಕೂ ಚಕ್ರದ ಗಾಳಿ ಬಿಟ್ಟರು. ಮೀಟರ್ ನಮ್ಮ ಕೈಯಲ್ಲಿತ್ತು. ಅವರು ಅದನ್ನು ನೋಡಲೇ ಇಲ್ಲ. ಟಯರಿನ ಹೊಟ್ಟೆ ಎಷ್ಟು ಉಬ್ಬಿತು ಅಂತ ಕಣ್ಣಿನಲ್ಲೇ ನೋಡಿ, ಸಾಕು ಅಂದರು. ಆಮೇಲೆ ಮೀಟರ್ ಇಟ್ಟು ನೋಡಿದರೆ ನಾಲ್ಕರಲ್ಲೂ 16 ಪಿಎಸ್‌ಐ ಆಸುಪಾಸು. ದಿಬ್ಬ ಹತ್ತುವ ಮೊದಲು ಇಳಿದು, ಮರಳಿನ ಮೇಲಿನ ಗೆರೆಗಳ ಮೇಲೆ ಕಾಲು ಒತ್ತಿ ನೋಡುತ್ತಿದ್ದರು. ಗಾಳಿ ಬಡಿಯುವ ಬದಿಯಲ್ಲಿ ಮರಳು ಗಟ್ಟಿ. ಅದರ ಹಿಂಬದಿಯಲ್ಲಿ ಮೊಣಕಾಲು ಹೂತುಹೋಗುವಷ್ಟು ಸಡಿಲ.

ರಾತ್ರಿ ಬೆಂಕಿಯ ಹತ್ತಿರ ಕೂತು ಅವರು ಹಳೆಯ ಕತೆ ಹೇಳಿದರು. ಬರ್ಟ್ರಂ ಥಾಮಸ್ ಎಂಬ ಬ್ರಿಟಿಷ್ ಅಧಿಕಾರಿ 1930ರ ಡಿಸೆಂಬರ್‌ನಲ್ಲಿ ಸಲಾಲದಿಂದ ಹೊರಟು 1931ರ ಫೆಬ್ರವರಿಯಲ್ಲಿ ದೋಹಾ ತಲುಪಿದ. ರುಬ್ ಅಲ್ ಖಾಲಿಯನ್ನು ದಾಟಿದ ಮೊದಲ ಯುರೋಪಿಯನ್ ಅವನೇ. ನಾವು ಗೂಗಲ್‌ನಲ್ಲಿ ಓದುವ ಕತೆ ಇದು. ನಮ್ಮ ಮಾರ್ಗದರ್ಶಿ ಹೇಳಿದ ಕತೆಯ ನಾಯಕ ಬೇರೆ. ಶೇಖ್ ಸಾಲಿಹ್ ಬಿನ್ ಕಲೂತ್, ರಾಶಿದ್ ಕುಲದ ಹಿರಿಯ. ಯಾವ ಬಾವಿಯಲ್ಲಿ ಈ ವರ್ಷ ನೀರಿದೆ, ಎಲ್ಲಿ ಮಳೆ ಬಿದ್ದು ಒಂಟೆಗೆ ಮೇವು ಬಂದಿದೆ, ಯಾವ ಕುಲದವರ ನೆಲದಲ್ಲಿ ಯಾರನ್ನು ಜೊತೆಗಿಟ್ಟುಕೊಂಡರೆ ಗುಂಡು ಹಾರುವುದಿಲ್ಲ, ಎಲ್ಲ ಅವನಿಗೆ ಗೊತ್ತಿತ್ತು. ಥಾಮಸ್ ಅವನು ಕರೆದುಕೊಂಡು ಹೋದಲ್ಲಿಗೆ ಹೋದ.

ಕೇಳುತ್ತ ಕೂತಾಗ ನನಗೆ ಅನಿಸಿದ್ದು ಇದು. ಮರುಭೂಮಿ ದಾಟಿದವರು ಅಂತ ನಾವು ಕಲಿತ ಹೆಸರುಗಳ ಪಕ್ಕದಲ್ಲಿ ಈ ಹೆಸರುಗಳೂ ಬರಬೇಕು. ನಿಮಗೇನನ್ನಿಸುತ್ತದೆ?

ಉಪ್ಪಳದ ಡ್ರೈವರ್, ಸೊಹಾರ್

ಒಳ್ಳೆ ಬರಹ ಅಣ್ಣಾ. ಗಾಡಿ ಯಾವುದು? ಸಣ್ಣ ಕಾರಲ್ಲಿ ಹೋಗಬಹುದಾ?

ಪೆರ್ಲದವ, ಮಸ್ಕತ್

ಹೆದ್ದಾರಿಗೆ ಯಾವ ಕಾರಾದರೂ ನಡೆಯುತ್ತದೆ. ಶಿಸ್ರ್‌ನಿಂದಾಚೆಗೆ ಮಾತ್ರ ಫೋರ್‌ವೀಲ್ ಬೇಕೇ ಬೇಕು. ಒಂದೇ ಗಾಡಿಯಲ್ಲಿ ಮರಳಿಗೆ ಇಳಿಯಲೇಬೇಡಿ.

ಮಧೂರಿನವ, ದುಬೈ

ನಿಮ್ಮ ಮಾತನ್ನು ಪೂರ್ತಿ ಒಪ್ಪಲಾರೆ. ಥಾಮಸ್ ಮಸ್ಕತ್ ಸುಲ್ತಾನರ ವಜೀರನಾಗಿದ್ದ. ಅನುಮತಿ ಕೇಳಿದರೆ ಸಿಗುವುದಿಲ್ಲ ಅಂತ ಗೊತ್ತಿದ್ದು, ಯಾರಿಗೂ ಹೇಳದೆ ಹೊರಟ. ಕೆಲಸವನ್ನೂ ಜೀವವನ್ನೂ ಪಣಕ್ಕಿಟ್ಟಿದ್ದ. ಹೋದ ದಾರಿಯಲ್ಲೆಲ್ಲ ಎತ್ತರ, ದಿಕ್ಕು, ಬಾವಿಯ ನೀರಿನ ರುಚಿ ಬರೆದಿಟ್ಟ. ಕೀಟ, ಹಾವು, ಓತಿಕ್ಯಾತ ಸಂಗ್ರಹಿಸಿದ. ಸಲಾಲ ಇರುವ ಧೋಫಾರ್ ಪ್ರಾಂತದ ಬೆಟ್ಟದವರ ಭಾಷೆಗಳನ್ನು ಕೇಳಿ ಪದಪಟ್ಟಿ ಮಾಡಿದ.

ಬೆದೂಯಿನ್, ಅಂದರೆ ಮರುಭೂಮಿಯ ಅಲೆಮಾರಿ ಜನಕ್ಕೆ ತಮ್ಮ ಮೇವಿನ ನೆಲ ಗೊತ್ತಿತ್ತು, ನಿಜ. ಆದರೆ ದಕ್ಷಿಣದ ಕಡಲಿನಿಂದ ಉತ್ತರದ ಕಡಲಿನವರೆಗೆ ಒಂದೇ ಸಲ ದಾಟಬೇಕಾದ ಅಗತ್ಯ ಅವರಿಗೆ ಇರಲಿಲ್ಲ. ಆ ಹುಚ್ಚು ಹೊರಗಿನಿಂದ ಬಂದವನದ್ದು. ಅದಕ್ಕೂ ಬೆಲೆ ಇದೆ ಅಲ್ವಾ?

ಇನ್ನೊಬ್ಬ ಬ್ರಿಟಿಷ್ ಪ್ರವಾಸಿ ಫಿಲ್ಬಿ. ಅವನು ಸೌದಿಯ ಇಬ್ನ್ ಸೌದ್ ಅರಸರಿಗೆ ಬೇಕಾದವನು. ಅರಸರ ಅನುಮತಿಗೆ ಕಾಯುತ್ತ ಕೂತಿದ್ದಾಗ ಥಾಮಸ್ ದಾಟಿದ ಸುದ್ದಿ ಬಂತು. ಆ ನಿರಾಸೆಯಲ್ಲೂ ಬಿಡದೆ 1932ರಲ್ಲಿ ಹೊರಟು, ಥಾಮಸ್‌ನದಕ್ಕಿಂತ ಕಷ್ಟದ ದಾರಿ ಹಿಡಿದು ಪಶ್ಚಿಮಕ್ಕೆ ದಾಟಿದ. ಇದನ್ನೆಲ್ಲ ಕಡಿಮೆ ಮಾಡಿ ನೋಡಬಾರದು.

ಪೆರ್ಲದವ, ಮಸ್ಕತ್

ಕಡಿಮೆ ಮಾಡುವುದು ನನ್ನ ಉದ್ದೇಶ ಅಲ್ಲ. ಥಾಮಸ್ ಬರೆದಿಡದಿದ್ದರೆ ಬಿನ್ ಕಲೂತ್ ಹೆಸರು ನನ್ನ ನಿಮ್ಮವರೆಗೆ ಬರುತ್ತಲೇ ಇರಲಿಲ್ಲ.

ಆದರೆ ಬೆದೂಯಿನ್‌ಗೆ ದಾಟುವ ಅಗತ್ಯ ಇರಲಿಲ್ಲ ಎಂಬ ಮಾತು ನೋಡಿ. ವಿಲ್ಫ್ರೆಡ್ ಥೆಸಿಗರ್ ಎಂಬ ಬ್ರಿಟಿಷ್ ಪ್ರವಾಸಿ 1946ರಲ್ಲಿ ಮುಗ್ಶಿನ್ ಕಡೆಯಿಂದ ಹೊರಟು ಎಮಿರೇಟ್ಸ್‌ನ ಲಿವಾದ ಕಡೆಗೆ ಮರಳು ದಾಟಿದರು. ಅವರಿಗೆ ದಾರಿ ತೋರಿದ್ದು ಮುಹಮ್ಮದ್ ಅಲ್ ಔಫ್ ಎಂಬ ರಾಶಿದ್ ಕುಲದವನು. ಉರೂಕ್ ಅಲ್ ಶೈಬಾ ಎಂಬ ಭಯಂಕರ ದಿಬ್ಬಗಳ ಸಾಲನ್ನು ಒಂಟೆಗಳ ಜೊತೆ ಹತ್ತಿ ಇಳಿಯಬೇಕಿತ್ತು. ಅಲ್ ಔಫ್ ಆ ಮರಳನ್ನು ಅದಕ್ಕಿಂತ ಮೊದಲೇ ದಾಟಿದ್ದ. ಅದೂ ಒಬ್ಬನೇ! ಜೊತೆಗೆ ಯಾರೂ ಇಲ್ಲ. ಯಾವ ಸಂಘದ ಪದಕವೂ ಅವನಿಗೆ ಸಿಗಲಿಲ್ಲ. ಥೆಸಿಗರ್ ತಾವೇ ಇದನ್ನು ಬರೆದಿದ್ದಾರೆ, ಅದು ಅವರ ದೊಡ್ಡತನ.

ಬಾಯಾರು ಮಾಷ್ಟ್ರು

ಚರ್ಚೆ ಚೆನ್ನಾಗಿದೆ. ನಾನು ನಿವೃತ್ತ ಅಧ್ಯಾಪಕ. ಮಗಳ ಮನೆಗೆ ಮಸ್ಕತ್‌ಗೆ ಬಂದಾಗ ಶಿಸ್ರ್ ನೋಡಿದ್ದೇನೆ. ಅದರ ಬಗ್ಗೆ ಸ್ವಲ್ಪ ಬರೆಯುತ್ತೇನೆ. ಅಲ್ಲಿಗೆ ಹೋಗುವವರು ತಪ್ಪು ನಿರೀಕ್ಷೆ ಇಟ್ಟುಕೊಂಡು ಹೋಗುತ್ತಾರೆ.

ಉಬಾರ್ ಎಂಬ ಶ್ರೀಮಂತ ಪಟ್ಟಣ ಮರಳಿನಡಿ ಹೂತುಹೋಯಿತು ಎಂಬ ಐತಿಹ್ಯ ಅರಬರಲ್ಲಿ ಹಳೆಯದು. ಕುರಾನಿನಲ್ಲಿ ಬರುವ ಆದ್ ಜನಾಂಗ, ಕಂಬಗಳ ಇರಮ್ ಪಟ್ಟಣ, ಇವುಗಳ ಜೊತೆಗೂ ಅದನ್ನು ಸೇರಿಸಿ ಹೇಳುವುದುಂಟು. 1930ರ ಪ್ರಯಾಣದಲ್ಲಿ ಥಾಮಸ್‌ಗೆ ಜೊತೆಗಿದ್ದ ಬೆದೂಯಿನ್‌ಗಳು ಮರಳಿನೊಳಗೆ ಹೋಗುವ ಹಳೆಯ ಸವೆದ ದಾರಿಗಳನ್ನು ತೋರಿಸಿ, ಇದೇ ಉಬಾರ್‌ಗೆ ಹೋಗುವ ದಾರಿ ಅಂದರು. ಅವರು ಬಾಯಿಂದ ಬಾಯಿಗೆ ಇಟ್ಟುಕೊಂಡು ಬಂದ ಮಾತು ಅದು. 1984ರಲ್ಲಿ ಚಾಲೆಂಜರ್ ಬಾಹ್ಯಾಕಾಶ ನೌಕೆಯ ರಾಡಾರ್ ಚಿತ್ರಗಳಲ್ಲಿ ಹಳೆಯ ಸಾರ್ಥಗಳ ಜಾಡು ಕಂಡಿತು. ನಿಕೋಲಸ್ ಕ್ಲಾಪ್, ರನಲ್ಫ್ ಫೈನ್ಸ್, ಪುರಾತತ್ವಜ್ಞ ಜ್ಯುರಿಸ್ ಜಾರಿನ್ಸ್ ಮೊದಲಾದವರ ತಂಡ ಶಿಸ್ರ್‌ನಲ್ಲಿ ಅಗೆದು, 1992ರಲ್ಲಿ ಹಳೆಯ ಕೋಟೆ ಸಿಕ್ಕಿದೆ ಎಂದು ಲೋಕಕ್ಕೆ ತಿಳಿಸಿತು.

ಹೋಗಿ ನೋಡಿದರೆ ಅರಮನೆ ಇಲ್ಲ, ಕಂಬ ಇಲ್ಲ. ಮೋಟು ಗೋಡೆಗಳು, ಬುರುಜಿನ ಬುಡಗಳು, ನಡುವೆ ಒಂದು ದೊಡ್ಡ ಕುಳಿ. ಆ ಕುಳಿಯ ಅಂಚಿನಲ್ಲಿ ನಿಂತು ನೋಡಬೇಕು. ಅಡಿಯಲ್ಲಿ ಸುಣ್ಣದಕಲ್ಲು. ನೀರಿನಿಂದ ಅದು ಒಳಗೊಳಗೇ ಕರಗಿ ಪೊಳ್ಳಾಯಿತು. ಒಂದು ದಿನ ಮೇಲಿನ ಕಟ್ಟಡದ ಭಾಗ ಕುಸಿದು ಬಿತ್ತು. ನೀರಿದೆ ಅಂತ ಅಲ್ಲಿ ಕೋಟೆ ಕಟ್ಟಿದರು. ಆ ನೀರೇ ಅದನ್ನು ಬೀಳಿಸಿತು. ಜಾರಿನ್ಸ್ ಅವರೇ ಮುಂದೆ, ಉಬಾರ್ ಎನ್ನುವುದು ಒಂದು ಪಟ್ಟಣಕ್ಕಿಂತ ಒಂದು ಸೀಮೆಯ ಹೆಸರಿರಬೇಕು ಎಂಬ ಅಭಿಪ್ರಾಯಕ್ಕೆ ಬಂದರು. ನನಗೆ ಅದೇ ಸರಿ ಅನಿಸುತ್ತದೆ. 2000ದಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಧೂಪದ ನಾಡಿನ ನಾಲ್ಕು ಜಾಗಗಳಲ್ಲಿ ಶಿಸ್ರ್ ಒಂದು. ಉಳಿದವು ವಾದಿ ದೌಕಾ, ಖೋರ್ ರೋರಿ, ಅಲ್ ಬಲೀದ್.

ಪೆರ್ಲದವರು ಹೇಳಿದ್ದಕ್ಕೆ ಇನ್ನೊಂದು ಸೇರಿಸುತ್ತೇನೆ. ಫಿಲ್ಬಿ 1932ರಲ್ಲಿ ಹುಡುಕಿದ್ದೂ ಇದೇ ಪಟ್ಟಣವನ್ನು. ಅವನ ಜೊತೆಯವರು, ಮರಳಿನ ನಡುವೆ ಸುಟ್ಟ ಜಾಗ ಒಂದಿದೆ, ಅಲ್ಲಿ ಒಂಟೆಯಷ್ಟು ದೊಡ್ಡ ಕಬ್ಬಿಣದ ತುಂಡು ಇದೆ ಅಂದರು. ಹೋಗಿ ನೋಡಿದರೆ ಪಟ್ಟಣ ಅಲ್ಲ, ಉಲ್ಕೆ ಬಿದ್ದು ಆದ ವಬರ್ ಕುಳಿಗಳು. ದೊಡ್ಡದು ನೂರು ಮೀಟರಿಗೂ ಮಿಕ್ಕಿ ಅಗಲ. ಫಿಲ್ಬಿಗೆ ಆ ದೊಡ್ಡ ಕಬ್ಬಿಣ ಸಿಗಲಿಲ್ಲ. 1960ರ ದಶಕದಲ್ಲಿ ಗಾಳಿಗೆ ಮರಳು ಸರಿದು ಅದು ಹೊರಗೆ ಬಂತು. ಎರಡು ಟನ್‌ಗೂ ಜಾಸ್ತಿ ತೂಕ. ಬೆದೂಯಿನ್‌ಗಳ ಮಾತು ಕಟ್ಟುಕತೆ ಆಗಿರಲಿಲ್ಲ.

ನೀರ್ಚಾಲಿನವಳು, ಮಸ್ಕತ್

ಮಾಷ್ಟ್ರೇ, ನೀವು ಬರೆದದ್ದನ್ನು ಮಕ್ಕಳಿಗೆ ಓದಿ ಹೇಳಿದೆ. ಉಲ್ಕೆಯ ಕತೆ ಎರಡು ಸಲ ಹೇಳಿಸಿಕೊಂಡರು.

ಹೆಂಗಸರು, ಮಕ್ಕಳು ಹೊರಡುವಾಗ ಕೇಳುವ ಪ್ರಶ್ನೆಗೆ ಯಾರೂ ಉತ್ತರ ಬರೆದಿಲ್ಲ. ನಾವು ಕುಟುಂಬ ಸಮೇತ ಹೋಗಿದ್ದೇವೆ, ಅದಕ್ಕೆ ನಾನೇ ಬರೀತೇನೆ. ಆದಂ, ಘಾಬಾ, ಹೈಮಾ, ಘಫ್ತೈನ್, ಕಿತ್ಬಿತ್, ತುಮ್ರೈತ್. ಪೆಟ್ರೋಲ್ ಪಂಪು, ಅಂಗಡಿ, ನಮಾಜಿನ ಕೋಣೆ, ಶೌಚಾಲಯ ಸಿಗುವುದು ಇಂಥ ಕಡೆ. ಒಂದಕ್ಕೂ ಇನ್ನೊಂದಕ್ಕೂ ನಡುವೆ ಏನೂ ಇಲ್ಲ. ಮರ ಇಲ್ಲ, ಬಂಡೆ ಇಲ್ಲ, ಮರೆಯೇ ಇಲ್ಲ. ಹಾಗಾಗಿ ಬೇಕು ಅನಿಸುವ ಮೊದಲೇ ನಿಲ್ಲಿಸಿ. ಅರ್ಧ ಟ್ಯಾಂಕ್ ಇದ್ದರೂ ಪ್ರತಿ ಪಂಪಿನಲ್ಲೂ ತುಂಬಿಸಿ. ಹೈಮಾದಲ್ಲಿ ನಮ್ಮ ಕಡೆಯ ಹೋಟೆಲುಗಳಿವೆ, ಬಿಸಿ ಪರೋಟ ಚಾ ಸಿಗುತ್ತದೆ. ಕುಡಿಯುವ ನೀರು ತಲೆಗೆ ಐದಾರು ಲೀಟರ್ ಗಾಡಿಯಲ್ಲಿ ಇರಲಿ.

ಕತ್ತಲಾದ ಮೇಲೆ ಮಾತ್ರ ಓಡಿಸಬೇಡಿ. ಒಂಟೆ ರಸ್ತೆಗೆ ಬಂದರೆ ಅದರ ಕಾಲಿಗೆ ಕಾರು ಬಡಿಯುತ್ತದೆ, ಅಷ್ಟು ಭಾರದ ಮೈ ನೇರ ಮುಂದಿನ ಗಾಜಿನ ಮೇಲೆ ಬೀಳುತ್ತದೆ. ಹಗಲೇ ಹೈಮಾ ತಲುಪಿ ಅಲ್ಲೇ ರಾತ್ರಿ ಉಳಿಯುವುದು ಒಳ್ಳೆಯದು. ತುರ್ತು ಇದ್ದರೆ ಪೊಲೀಸರ ನಂಬರ್ 9999. ಕೆಲವು ಕಡೆ ನೆಟ್‌ವರ್ಕ್ ಹೋಗುತ್ತದೆ. ಹೊರಡುವ ಹೊತ್ತು, ತಲುಪುವ ಹೊತ್ತು ಮನೆಯವರಿಗೆ ಹೇಳಿಡಿ.

ಉಪ್ಪಳದ ಡ್ರೈವರ್, ಸೊಹಾರ್

ಅಕ್ಕ, ಇದು ತುಂಬಾ ಉಪಯೋಗ ಆಯ್ತು. ಈಗ ಒಂದೊಂದೇ ಭಾಗ ಜೋಡಿರಸ್ತೆ ಆಗ್ತಾ ಬಂದಿದೆ. ಮೊದಲು ಎದುರಿಂದ ಟ್ರೇಲರ್ ಬರುವಾಗ ಓವರ್‌ಟೇಕ್ ಮಾಡಲು ಹೋಗಿ ಎಷ್ಟು ಜೀವ ಹೋಗಿದೆಯೋ. ನಮ್ಮವರೂ ಅದರಲ್ಲಿ ಇದ್ದಾರೆ.

ಮಧೂರಿನವ, ದುಬೈ

ಮರಳಿನಲ್ಲಿ ಓಡಿಸುವವರಿಗೆ ನನ್ನದೂ ನಾಲ್ಕು ಮಾತು. ನಾವು ವಾರದ ಕೊನೆಗೆ ಗೆಳೆಯರೆಲ್ಲ ಸೇರಿ ಲಿವಾ ಕಡೆಗೆ ಹೋಗುತ್ತೇವೆ. ಮರಳಿನಲ್ಲಿ ಬ್ರೇಕ್ ಒತ್ತಬಾರದು. ಆಕ್ಸಿಲರೇಟರ್ ಬಿಟ್ಟರೆ ಗಾಡಿ ತಾನೇ ನಿಲ್ಲುತ್ತದೆ. ಹೂತುಹೋದರೆ ಚಕ್ರ ತಿರುಗಿಸುತ್ತ ಇರಬೇಡಿ, ಇನ್ನೂ ಆಳಕ್ಕೆ ಹೋಗುತ್ತದೆ. ಇಳಿದು ಚಕ್ರದ ಸುತ್ತಲಿನ ಮರಳು ಕೈಯಿಂದಲೇ ತೋಡಿ, ಗಾಳಿ ಇನ್ನೂ ಸ್ವಲ್ಪ ಬಿಟ್ಟು, ಮೆಲ್ಲ ಹಿಂದಕ್ಕೆ ತೆಗೆಯಿರಿ. ಡಾಂಬರಿಗೆ ಬಂದ ಮೇಲೆ ಗಾಳಿ ತುಂಬಿಸದೆ ಓಡಿಸಿದರೆ ಟಯರ್ ಒಡೆಯುತ್ತದೆ. ಕಂಪ್ರೆಸರ್ ಗಾಡಿಯಲ್ಲೇ ಇರಲಿ.

ಎಲ್ಲಕ್ಕಿಂತ ಅಪಾಯ ಸಬ್ಖಾ, ಅಂದರೆ ಉಪ್ಪಿನ ಕೆಸರು ನೆಲ. ಮೇಲೆ ಬಿಳಿ ಹಕ್ಕಳೆ, ನೋಡಲು ಸಿಮೆಂಟ್ ಅಂಗಳ. ಅಡಿಯಲ್ಲಿ ಕೆಸರು. ಒಮಾನ್ ಬದಿಯಲ್ಲಿ ಉಮ್ ಅಲ್ ಸಮೀಮ್ ಎಂಬುದು ಅಂಥ ದೊಡ್ಡ ಜಾಗ. ಅದರೊಳಗೆ ಮನುಷ್ಯರು, ಆಡಿನ ಹಿಂಡು ಮುಳುಗಿದ ಕತೆಗಳನ್ನು ಥೆಸಿಗರ್ ಕಾಲದಿಂದಲೂ ಹೇಳುತ್ತಾರೆ. ಹಳೆಯ ಚಕ್ರದ ಗುರುತು ಇಲ್ಲದ ಬಿಳಿ ನೆಲಕ್ಕೆ ಹೋಗಲೇಬೇಡಿ.

ಅಲ್ ಔಫ್ ವಿಷಯ ನನಗೆ ಗೊತ್ತಿರಲಿಲ್ಲ ಅಣ್ಣ. ಅದನ್ನು ಕೇಳಿದ ಮೇಲೆ ನಿಮ್ಮ ಮಾತಿಗೆ ತೂಕ ಬಂತು. ಆ ಉರೂಕ್ ಅಲ್ ಶೈಬಾ ಈಗ ಸೌದಿಯ ಶೈಬಾ ಎಣ್ಣೆ ಕ್ಷೇತ್ರ. 1998ರಿಂದ ಅಲ್ಲಿ ಎಣ್ಣೆ ತೆಗೆಯುತ್ತಿದ್ದಾರೆ. ಆ ದಿಬ್ಬಗಳ ನಡುವೆ ಈಗ ವಿಮಾನ ಇಳಿಯುತ್ತದೆ.

ಕುಂಬಳೆ ಕಡಲು, ದಮ್ಮಾಮ್

ಹೌದು. 2021ರ ಡಿಸೆಂಬರ್‌ನಲ್ಲಿ ಸೌದಿಯಿಂದ ಒಮಾನ್‌ಗೆ ನೇರ ರಸ್ತೆಯೂ ತೆರೆಯಿತು. ಅಲ್ ಅಹ್ಸಾ ಕಡೆಯಿಂದ ರುಬ್ ಅಲ್ ಖಾಲಿಯ ನಡುವೆಯೇ ಹೋಗಿ ಇಬ್ರಿ ಕಡೆಗೆ ಸೇರುತ್ತದೆ, 700 ಕಿ.ಮೀ.ಗೂ ಹೆಚ್ಚು. ಮೊದಲು ಎಮಿರೇಟ್ಸ್ ಸುತ್ತಿ ಬರಬೇಕಿತ್ತು. ರಸ್ತೆಗೆ ಮರಳು ಬರುತ್ತಲೇ ಇರುತ್ತದೆ, ಯಂತ್ರ ಹಾಕಿ ತೆಗೆಯುತ್ತಲೇ ಇರುತ್ತಾರೆ. ಗಾಳಿಯ ದಿನ ಹೊರಡಬೇಡಿ.

ನೀರ್ಚಾಲಿನವಳು, ಮಸ್ಕತ್

ಥೆಸಿಗರ್ ಜೊತೆಗಿದ್ದ ಹುಡುಗರ ಬಗ್ಗೆ ಯಾರಾದರೂ ಬರೆಯಿರಿ. ಬಿನ್ ಕಬೀನಾ ಅಂತ ಏನೋ ಹೆಸರು ಕೇಳಿದ ನೆನಪು.

ಪೆರ್ಲದವ, ಮಸ್ಕತ್

ಸಾಲಿಂ ಬಿನ್ ಕಬೀನಾ ಮತ್ತು ಸಾಲಿಂ ಬಿನ್ ಘಬೈಶಾ. ಇಬ್ಬರೂ ರಾಶಿದ್ ಕುಲದವರು. ಥೆಸಿಗರ್‌ಗೆ ಸಿಕ್ಕಾಗ ಬಿನ್ ಕಬೀನಾಗೆ ಹದಿನಾರರ ಆಸುಪಾಸು. ಥೆಸಿಗರ್ ಬಂದದ್ದು ಮಿಡತೆ ಹುಡುಕುವ ಸರ್ಕಾರಿ ಕೆಲಸಕ್ಕೆ, 1945ರಲ್ಲಿ. ಮಿಡತೆ ನೆಪಕ್ಕೆ ಮಾತ್ರ, ಮನಸ್ಸಿದ್ದದ್ದು ಮರಳಿನಲ್ಲಿ. ಬೆದೂಯಿನ್‌ಗಳು ಅವರನ್ನು ಮುಬಾರಕ್ ಬಿನ್ ಲಂಡನ್ ಅಂತ ಕರೆದರು. ಬರಿಗಾಲಿನಲ್ಲೇ ನಡೆದರು, ಅವರು ತಿಂದದ್ದನ್ನೇ ತಿಂದರು.

ಥೆಸಿಗರ್ ಬರೆದಿಟ್ಟ ಒಂದು ಸಂಗತಿ ನನಗೆ ತುಂಬಾ ಹಿಡಿಸಿತು. ದಿನಗಟ್ಟಲೆ ಅರೆಹೊಟ್ಟೆಯಲ್ಲಿ ಇದ್ದಾಗ ಅವರಿಗೆ ಒಂದು ಮೊಲ ಸಿಕ್ಕಿತು. ಅದನ್ನು ಬೇಯಿಸುತ್ತ ಪಾತ್ರೆಯ ಸುತ್ತ ಕೂತು ಕಾಯುತ್ತಿದ್ದರು. ಇನ್ನೇನು ತಿನ್ನಬೇಕು, ಅಷ್ಟರಲ್ಲಿ ದಿಬ್ಬದ ಮೇಲಿಂದ ಅಪರಿಚಿತರು ಇಳಿದು ಬಂದರು. ಬೆದೂಯಿನ್‌ಗಳು ಎದ್ದು ಸಲಾಂ ಹೇಳಿ, ಕಾಫಿ ಕೊಟ್ಟು, ಮೊಲದ ಮಾಂಸ ರೊಟ್ಟಿ ಎಲ್ಲ ಅವರ ಮುಂದಿಟ್ಟರು. ನೀವು ಅತಿಥಿಗಳು, ತಿನ್ನಿ ಅಂತ ಒತ್ತಾಯ ಮಾಡಿದರು. ತಾವು ಮುಟ್ಟಲಿಲ್ಲ. ಥೆಸಿಗರ್‌ಗೆ ಒಳಗೊಳಗೇ ಸಿಟ್ಟು ಬಂದಿತ್ತು. ಆ ಹುಡುಗರ ಮುಖದಲ್ಲಿ ಮಾತ್ರ ಸಂತೋಷವೇ ಕಂಡಿತು.

ಮರಳು ದಾಟಲು ಬೇಕಾದ ಜ್ಞಾನದಲ್ಲಿ ಇದೂ ಒಂದು ಅಂತ ನನ್ನ ನಂಬಿಕೆ. ಇವತ್ತು ನೀನು ಕೊಟ್ಟರೆ ನಾಳೆ ಯಾರದೋ ಗುಡಾರದಲ್ಲಿ ನಿನಗೆ ಹಾಲು ಸಿಗುತ್ತದೆ. ಹಾಗೆಯೇ ರಫೀಕ್ ಪದ್ಧತಿ. ಬೇರೆ ಕುಲದ ನೆಲ ದಾಟುವಾಗ ಆ ಕುಲದ ಒಬ್ಬನನ್ನು ಜೊತೆಗಿಟ್ಟುಕೊಂಡರೆ ಅವನ ಮಾತೇ ನಿನಗೆ ರಕ್ಷಣೆ. ಅವನ ಜೊತೆಗಿದ್ದವನನ್ನು ಮುಟ್ಟಿದರೆ ಅವನ ಕುಲದ ಮಾನ ಹೋಯಿತು. ಇದು ಯಾವ ನಕಾಶೆಯಲ್ಲೂ ಇಲ್ಲ.

ಥೆಸಿಗರ್ 1977ರಲ್ಲಿ ಮತ್ತೆ ಒಮಾನ್‌ಗೆ ಬಂದರು, ಬಿನ್ ಕಬೀನಾ, ಬಿನ್ ಘಬೈಶಾ ಇಬ್ಬರೂ ಅವರನ್ನು ಕಂಡರು. ಅಷ್ಟರಲ್ಲಿ ಒಂಟೆಯ ಜಾಗಕ್ಕೆ ಗಾಡಿ ಬಂದಿತ್ತು. ಹಳೆಯ ಬದುಕು ಹೋಯಿತು ಅಂತ ಥೆಸಿಗರ್ ನೊಂದುಕೊಂಡರು.

ಮೊಗ್ರಾಲ್ ಹಳೆ ಗಲ್ಫ್

ಮಕ್ಕಳೇ, ನಿಮ್ಮ ಮಾತೆಲ್ಲ ಓದಿದೆ. ಮೊಮ್ಮಗ ಬರೆದುಕೊಡುತ್ತಿದ್ದಾನೆ. ನಾನು 80ರ ದಶಕದಲ್ಲಿ ಸಲಾಲದಲ್ಲಿದ್ದೆ. ತುಮ್ರೈತ್, ಮರ್ಮೂಲ್ ಕಡೆಯ ಎಣ್ಣೆ ಕ್ಯಾಂಪುಗಳಿಗೆ ಸಾಮಾನು ಒಯ್ಯುವ ಲಾರಿ ಓಡಿಸುತ್ತಿದ್ದೆ.

ಆ ಇಂಗ್ಲಿಷಿನವರು ನೊಂದುಕೊಂಡದ್ದನ್ನು ನಾನು ಒಪ್ಪುವುದಿಲ್ಲ. 1970ರಲ್ಲಿ ಸುಲ್ತಾನ್ ಕಾಬೂಸ್ ಬರುವ ಮೊದಲು ಇಡೀ ಒಮಾನ್‌ನಲ್ಲಿ ಡಾಂಬರು ರಸ್ತೆ ಅಂದರೆ ಹತ್ತೇ ಕಿ.ಮೀ. ಶಾಲೆ ಮೂರು. ಮರಳಿನೊಳಗೆ ಹೆರಿಗೆ ನೋವು ಬಂದರೆ ಏನು ಗತಿ? ನಾನು ಕಂಡ ಬೆದುಗಳು ಪಿಕಪ್ಪನ್ನು ಪ್ರೀತಿಯಿಂದ ನೋಡಿಕೊಳ್ಳುತ್ತಿದ್ದರು. ಹಿಂದೆ ನೀರಿನ ಟ್ಯಾಂಕ್, ಕೆಲವೊಮ್ಮೆ ಮರಿ ಒಂಟೆ ಕೂಡ. ಕಷ್ಟ ಚಂದ ಅಂತ ಹೇಳುವವರು ಆ ಕಷ್ಟದಲ್ಲಿ ಹುಟ್ಟಿದವರಲ್ಲ.

ಡಾಂಬರು ಬಿಟ್ಟು ಕ್ಯಾಂಪಿಗೆ ಹೋಗುವ ದಾರಿಯಲ್ಲಿ ನನಗೆ ಜೊತೆಗೆ ಒಬ್ಬ ಬೆದು ಮುದುಕ ಬರುತ್ತಿದ್ದ. ದೂಳು ಎದ್ದು ಬಾನೆಟ್ ಕೂಡ ಕಾಣದ ದಿನ, ನಿಲ್ಲಿಸು ಅಂತ ಹೇಳಿ ಇಳಿಯುತ್ತಿದ್ದ. ನೆಲದ ಕಲ್ಲು ಎತ್ತಿ ನೋಡುತ್ತಿದ್ದ, ಅದರ ಬಣ್ಣ ನೋಡಿ ಎಲ್ಲಿದ್ದೇವೆ ಅಂತ ಹೇಳುತ್ತಿದ್ದ. ಹೇಳಿದ ಕಡೆಗೆ ತಿರುಗಿಸಿದರೆ ಕ್ಯಾಂಪು ಬರುತ್ತಿತ್ತು. ಅವನಿಗೆ ಓದು ಬರೆಹ ಇರಲಿಲ್ಲ.

ಮಧೂರಿನವ, ದುಬೈ

ಇಚ್ಚ, ನಿಮ್ಮ ಮಾತು ಸರಿ. ಆದರೆ ಹೋದದ್ದೂ ಕೆಲವು ಇದೆ. ಹೈಮಾದ ಪೂರ್ವಕ್ಕಿರುವ ಜಿದ್ದತ್ ಅಲ್ ಹರಾಸಿಸ್ ಬಯಲಿನಲ್ಲಿ ಬಿಳಿ ಓರಿಕ್ಸ್ ಇತ್ತು, ಉದ್ದ ಕೊಂಬಿನ ಪ್ರಾಣಿ. ಜೀಪಿನಲ್ಲಿ ಬೆನ್ನಟ್ಟಿ ಕೊಂದರು. 1972ರಲ್ಲಿ ಕಾಡಿನಲ್ಲಿ ಪೂರ್ತಿ ಮುಗಿಯಿತು. 1982ರಲ್ಲಿ ಸಾಕಿದ ಓರಿಕ್ಸ್‌ಗಳನ್ನು ತಂದು ಮತ್ತೆ ಬಿಟ್ಟರು. ಕಾಯಲು ನಿಂತದ್ದು ಅದೇ ಬಯಲಿನ ಹರಾಸಿಸ್ ಜನ. ಹೆಜ್ಜೆ ನೋಡಿಯೇ ಹೇಳಬಲ್ಲ ಜಾಣರು. ಆಮೇಲೆ ಕಳ್ಳಬೇಟೆ ಮತ್ತೆ ಶುರುವಾಯಿತು. ಸಂರಕ್ಷಿತ ಜಾಗವನ್ನೂ ಬಹಳ ಕಡಿಮೆ ಮಾಡಿದರು. 2007ರಲ್ಲಿ ಯುನೆಸ್ಕೊ ಅದನ್ನು ಪಟ್ಟಿಯಿಂದ ತೆಗೆಯಿತು. ಹಾಗೆ ತೆಗೆದುಹಾಕಿದ ಮೊದಲ ಜಾಗ ಅದು. ಓದಿದಾಗ ನಿಜವಾಗಿ ಬೇಸರ ಆಯ್ತು.

ಬಾಯಾರು ಮಾಷ್ಟ್ರು

ಹರಾಸಿಸ್ ಜನರ ಮಾತು ಅರಬಿ ಅಲ್ಲ, ಹರ್ಸೂಸಿ. ಸಲಾಲದ ಬೆಟ್ಟದವರದ್ದು ಶಹ್ರಿ, ಅದನ್ನು ಜಿಬ್ಬಾಲಿ ಅಂತಲೂ ಹೇಳುತ್ತಾರೆ. ಇವಕ್ಕೆಲ್ಲ ಬರವಣಿಗೆಯ ಪರಂಪರೆ ಇಲ್ಲ. ಮನೆಯಲ್ಲಿ ಒಂದು, ಪೇಟೆಯಲ್ಲಿ ಒಂದು, ಶಾಲೆಯಲ್ಲಿ ಇನ್ನೊಂದು. ತುಳು, ಬ್ಯಾರಿ, ಕೊಂಕಣಿ, ಮರಾಠಿ, ಮಲೆಯಾಳ, ಕನ್ನಡ ಎಲ್ಲ ಒಂದೇ ಬಸ್ಸಿನಲ್ಲಿ ಕೇಳುವ ನಮ್ಮ ಊರಿನವರಿಗೆ ಅದು ಬೇಗ ಅರ್ಥವಾಗುತ್ತದೆ.

ನನಗೆ ಇನ್ನೂ ಹತ್ತಿರ ಅನಿಸಿದ್ದು ನಿಝ್ವಾದ ಫಲಜ್ ದಾರಿಸ್. ಹೆದ್ದಾರಿಯಲ್ಲಿ ಹೋಗುವವರು ಅಲ್ಲಿ ಇಳಿದು ನೋಡಲೇಬೇಕು. ನೆಲದಡಿ ಸುರಂಗ ತೋಡಿ, ದೂರದ ನೀರನ್ನು ಪಂಪಿಲ್ಲದೆ ಬರೀ ಇಳಿಜಾರಿನಲ್ಲಿ ಊರಿಗೆ ತರುವ ಪದ್ಧತಿ. ಒಮಾನ್‌ನಲ್ಲಿ ಇಂಥವು 3000ದಷ್ಟು ಇನ್ನೂ ಬಳಕೆಯಲ್ಲಿವೆ. ಐದು ಫಲಜ್‌ಗಳು 2006ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿವೆ. ನೀರಿನ ಪಾಲನ್ನು ಹಗಲು ನೆರಳು ನೋಡಿ, ರಾತ್ರಿ ನಕ್ಷತ್ರ ನೋಡಿ ಹಂಚುತ್ತಿದ್ದರು.

ನಮ್ಮ ಬಾಯಾರು, ಪಡ್ರೆ, ಎಣ್ಮಕಜೆಯ ಗುಡ್ಡಗಳಲ್ಲಿ ಸುರಂಗ ಇದೆ ಅಲ್ವಾ? ಮುರಕಲ್ಲಿನ ಗುಡ್ಡಕ್ಕೆ ಅಡ್ಡವಾಗಿ, ಒಬ್ಬ ಬಗ್ಗಿ ನಡೆಯುವಷ್ಟು ಅಗಲ. ಪಿಕ್ಕಾಸಿನಿಂದ ಅಗೆಯುತ್ತ ಹೋಗುತ್ತಾರೆ. ಒಳಗೆ ದೀಪ ಇಟ್ಟಿರುತ್ತಾರೆ. ದೀಪ ಮಂಕಾದರೆ ಗಾಳಿ ಸಾಲದು, ಕೂಡಲೇ ಹೊರಗೆ ಬರಬೇಕು. ತುಂಬ ಉದ್ದ ಆದರೆ ಮೇಲಿಂದ ಗಾಳಿಗೆ ಕಂಡಿ ತೋಡುತ್ತಾರೆ. ಫಲಜ್‌ಗೂ ಹಾಗೆಯೇ ಕಂಡಿಗಳಿವೆ. ವ್ಯತ್ಯಾಸ ಏನೆಂದರೆ ಫಲಜ್ ಇಡೀ ಊರಿನದ್ದು, ನಮ್ಮ ಸುರಂಗ ಒಂದೊಂದು ಮನೆಯದ್ದು, ಒಂದೊಂದು ಅಡಿಕೆ ತೋಟದ್ದು. ಅರಬ್ ವ್ಯಾಪಾರಿಗಳಿಂದ ಈ ವಿದ್ಯೆ ಬಂತು ಎನ್ನುವವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಮುರಕಲ್ಲಿನ ಸ್ವಭಾವ ಬಲ್ಲ ನಮ್ಮ ಕೆಲಸದವರೇ ಇದನ್ನು ಕಂಡುಕೊಂಡರು. ಗುಡ್ಡದ ಯಾವ ಮೂಲೆಯಲ್ಲಿ ಒರತೆ ಇದೆ ಅಂತ ಗಿಡ ಮರ ನೋಡಿ ಹೇಳುತ್ತಿದ್ದರು. ಅವರ ಹೆಸರನ್ನೂ ಯಾರೂ ಬರೆದಿಡಲಿಲ್ಲ. ತೋಟದ ಧಣಿಯ ಹೆಸರು ಎಲ್ಲರಿಗೂ ಗೊತ್ತು.

ಕುಂಬಳೆ ಕಡಲು, ದಮ್ಮಾಮ್

ಮಾಷ್ಟ್ರೇ, ಕೊನೆಯ ಮಾತು ನಿಜ.

ಇಚ್ಚ, ನಿಮ್ಮ ಕಾಲದವರು ಕೆಲವರು ಲಾಂಚಿಯಲ್ಲಿ, ಅಂದರೆ ಸಾಮಾನು ಸಾಗಿಸುವ ದೋಣಿಯಲ್ಲಿ, ಗಲ್ಫಿಗೆ ಹೋದವರು ಅಲ್ವಾ? ನಮ್ಮ ಅಜ್ಜನೂ ಹಾಗೇ ಹೋದದ್ದಂತೆ. ಮನೆಯಲ್ಲಿ ಯಾರೂ ಸರಿಯಾಗಿ ಕೇಳಿಕೊಳ್ಳಲಿಲ್ಲ.

ಮೊಗ್ರಾಲ್ ಹಳೆ ಗಲ್ಫ್

ನಾನು ವಿಮಾನದಲ್ಲೇ ಹೋದದ್ದು. ಲಾಂಚಿಯಲ್ಲಿ ಹೋದದ್ದು ನನ್ನ ದೊಡ್ಡಣ್ಣ. ಅವರು ಈಗ ಇಲ್ಲ. ಹೇಳಿದ್ದನ್ನು ಹೇಳುತ್ತೇನೆ. ಪಾಸ್‌ಪೋರ್ಟ್ ಇಲ್ಲ, ಕಾಗದ ಇಲ್ಲ. ಸಾಮಾನಿನ ಮೂಟೆಗಳ ಮೇಲೆ ಜನ. ನೀರು ಅಳೆದು 1 ಲೋಟ. ಹಗಲು ಬಿಸಿಲು, ರಾತ್ರಿ ಉಪ್ಪು ಗಾಳಿ. ಖೋರ್ ಫಕ್ಕಾನ್ ಹತ್ತಿರ ಬಂದಾಗ ಕತ್ತಲಲ್ಲಿ ದಡಕ್ಕೆ ತರುವುದಿಲ್ಲ, ದೂರದಲ್ಲೇ ಇಳಿ ಅನ್ನುತ್ತಾರೆ. ಬಟ್ಟೆಯ ಗಂಟು ತಲೆಯ ಮೇಲೆ ಕಟ್ಟಿಕೊಂಡು ಎದೆಮಟ್ಟದ ನೀರಿನಲ್ಲಿ ನಡೆದದ್ದು. ಈಜು ಬಾರದವನು ಒಬ್ಬ ಅಣ್ಣನ ಭುಜ ಹಿಡಿದುಕೊಂಡಿದ್ದನಂತೆ.

ದಡದಿಂದ ಬೆಟ್ಟ ದಾಟಿ ಆಚೆ ಹೋಗಬೇಕು. ಮರ ಇಲ್ಲದ ಕಲ್ಲುಬೆಟ್ಟ. ದಾರಿ ಗೊತ್ತಿಲ್ಲ. ಅಲ್ಲಿಯ ಊರಿನವರು ಖರ್ಜೂರ, ನೀರು ಕೊಟ್ಟರು. ಒಬ್ಬ ಹುಡುಗ ಅರ್ಧ ದಿನ ಜೊತೆಗೆ ನಡೆದು ಕಣಿವೆಯ ಬಾಯಿ ತೋರಿಸಿ ಹೋದ. ಅಣ್ಣ ಸಾಯುವವರೆಗೂ ಆ ಹುಡುಗನನ್ನು ನೆನೆಸುತ್ತಿದ್ದರು. ಭಾಷೆ ಗೊತ್ತಿಲ್ಲದ ಕಾರಣ ಹೆಸರು ಕೇಳಲು ಆಗಲಿಲ್ಲ.

ನೀರ್ಚಾಲಿನವಳು, ಮಸ್ಕತ್

ಇಚ್ಚ, ಓದಿ ಕಣ್ಣು ತುಂಬಿತು. ನಿಮ್ಮ ಮೊಮ್ಮಗನಿಗೆ ಹೇಳಿ, ಇದನ್ನು ನಿಮ್ಮ ದನಿಯಲ್ಲೇ ಫೋನಿನಲ್ಲಿ ರೆಕಾರ್ಡ್ ಮಾಡಿಡಲಿ. ಲಾಂಚಿ ಎಲ್ಲಿಂದ ಹೊರಟಿತು, ಜೊತೆಗೆ ಯಾವ ಯಾವ ಊರಿನವರಿದ್ದರು, ಗೊತ್ತಿದ್ದಷ್ಟು ಹೇಳಿ.

ಮೊಗ್ರಾಲ್ ಹಳೆ ಗಲ್ಫ್

ಆಯ್ತು ಮಗಳೇ. ಪುತ್ತೂರು ಕಡೆ ಅಣ್ಣನ ಜೊತೆಗೆ ಹೋದವರು ಒಬ್ಬರು ಇದ್ದಾರೆ. ಅವರನ್ನೂ ಕೂರಿಸುತ್ತೇನೆ.

ಪೆರ್ಲದವ, ಮಸ್ಕತ್

ಇಚ್ಚ, ಮಾಷ್ಟ್ರೇ, ನಾನು ಬರೆದದ್ದಕ್ಕಿಂತ ನೀವು ಸೇರಿಸಿದ್ದು ದೊಡ್ಡದು.

ಮಧೂರಿನವರೇ, ನಿಮ್ಮ ಆಕ್ಷೇಪಕ್ಕೆ ಒಂದು ಒಳ್ಳೆಯ ಉತ್ತರ ಆಮೇಲೆ ನೆನಪಾಯಿತು. ಥಾಮಸ್ ಹೋದ ದಾರಿಯಲ್ಲೇ ಸಲಾಲದಿಂದ ದೋಹಾಕ್ಕೆ 2015ರ ಡಿಸೆಂಬರ್‌ನಲ್ಲಿ ಒಂದು ತಂಡ ಕಾಲ್ನಡಿಗೆ, ಒಂಟೆಯಲ್ಲಿ ಹೊರಟು 2016ರ ಜನವರಿಯಲ್ಲಿ ತಲುಪಿತು. ಬ್ರಿಟನ್ನಿನ ಮಾರ್ಕ್ ಇವಾನ್ಸ್, ಜೊತೆಗೆ ಒಮಾನ್‌ನ ಮೊಹಮ್ಮದ್ ಅಲ್ ಜಡ್ಜಾಲಿ, ಅಮೂರ್ ಅಲ್ ವಹೈಬಿ. ಸುದ್ದಿಯಲ್ಲಿ ಮೂರು ಹೆಸರೂ ಒಟ್ಟಿಗೇ ಬಂದವು. ನಾನು ಕೇಳುತ್ತಿರುವುದು ಇಷ್ಟೇ.

ಮಧೂರಿನವ, ದುಬೈ

ಒಪ್ಪಿದೆ ಅಣ್ಣ.

ಉಪ್ಪಳದ ಡ್ರೈವರ್, ಸೊಹಾರ್

ಒಂದು ಕೊನೆ ಪ್ರಶ್ನೆ. ಅಪ್ಪ ಅಮ್ಮ ಊರಿಂದ ಬರ್ತಾ ಇದ್ದಾರೆ. ಮಳೆಗಾಲಕ್ಕೆ ಸಲಾಲಕ್ಕೆ ಕರ್ಕೊಂಡು ಹೋಗುವುದಾ, ಚಳಿಗಾಲಕ್ಕಾ?

ಪೆರ್ಲದವ, ಮಸ್ಕತ್

ಅವರಿಗೆ ಏನು ತೋರಿಸಬೇಕು ಅನ್ನುವುದರ ಮೇಲೆ ಇದೆ. ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಸಲಾಲದ ಬೆಟ್ಟ ಪೂರ್ತಿ ಹಸಿರು, ಮಂಜು, ಸೋನೆ ಮಳೆ. ರಸ್ತೆ ಬದಿ ಎಳನೀರು, ಬಾಳೆಹಣ್ಣು, ಪಪ್ಪಾಯಿ. ಊರೇ ಅನಿಸುತ್ತದೆ. ಆದರೆ ಆಗ ದಾರಿಯ ಬಯಲಿನಲ್ಲಿ 45 ಡಿಗ್ರಿ ಬಿಸಿಲು, ಬೆಟ್ಟದ ಮೇಲೆ ಮಂಜಿಗೆ ಎದುರಿನ ಗಾಡಿ ಕಾಣುವುದಿಲ್ಲ, ಜನಸಂದಣಿ ಬೇರೆ. ವಯಸ್ಸಾದವರನ್ನು ಆ ಕಾಲದಲ್ಲಿ ವಿಮಾನದಲ್ಲೇ ಕರೆದುಕೊಂಡು ಹೋಗಿ.

ರಸ್ತೆಯಲ್ಲೇ ಹೋಗುವುದಾದರೆ ನವೆಂಬರ್‌ನಿಂದ ಫೆಬ್ರವರಿ. ಹೋಗುವಾಗ ಒಳದಾರಿ, ಬರುವಾಗ ಮಿರ್ಬಾತ್, ಹಾಸಿಕ್, ದುಕ್ಮ್ ಮೇಲೆ ಕಡಲದಾರಿ ಹಿಡಿಯಿರಿ. ಸಲಾಲದಿಂದ ಉತ್ತರಕ್ಕೆ ಸುಮಾರು 40 ಕಿ.ಮೀ.ನಲ್ಲಿ ವಾದಿ ದೌಕಾ ಸಿಗುತ್ತದೆ, ಧೂಪದ ಮರಗಳ ಬಯಲು. ಮಳೆಯ ಮೋಡ ಬೆಟ್ಟದ ಈಚೆಗೇ ನಿಲ್ಲುತ್ತದೆ. ಆಚೆ ಒಣ ಬದಿಯಲ್ಲಿ ಈ ಮರ ಚೆನ್ನಾಗಿ ಬೆಳೆಯುತ್ತದೆ. ತೊಗಟೆ ಕೆತ್ತಿದ ಕಡೆ ಬಿಳಿ ಹನಿ ಬಂದು ಗಟ್ಟಿಯಾಗಿರುತ್ತದೆ. ನೋಡಿ, ಮೂಸಿ, ಕೀಳಬೇಡಿ. ಒಳ್ಳೆಯ ಲೋಬಾನ ಸಲಾಲದ ಹಾಫಾ ಮಾರುಕಟ್ಟೆಯಲ್ಲಿ ಸಿಗುತ್ತದೆ. ಮರುಭೂಮಿಯಲ್ಲಿ ಕಪ್ಪು ಕಲ್ಲು ಸಿಕ್ಕಿದರೂ ಎತ್ತಿಕೊಳ್ಳಬೇಡಿ. ಅಲ್ಲಿ ಉಲ್ಕೆಯ ಚೂರುಗಳು ಜಾಸ್ತಿ, ಅನುಮತಿ ಇಲ್ಲದೆ ದೇಶದ ಹೊರಗೆ ಒಯ್ಯುವಂತಿಲ್ಲ.

ಮರಳು ನೋಡುವ ಆಸೆ ಅಪ್ಪನಿಗೆ ಇದ್ದರೆ ಶಿಸ್ರ್‌ವರೆಗೆ ನಿಮ್ಮ ಕಾರಿನಲ್ಲೇ ಹೋಗಿ, ಅಲ್ಲಿಂದ ಊರಿನವರ ಗಾಡಿ ಮಾಡಿ. ಸಂಜೆ ನಾಲ್ಕಕ್ಕೆ ಇಳಿದರೆ ಬಿಸಿಲು ತಗ್ಗಿರುತ್ತದೆ, ಬೆಳಕೂ ಇರುತ್ತದೆ. ಓಡಿಸುವವರ ಹೆಸರು, ಅವರ ಕುಲ ಕೇಳಿ. ಬಿನ್ ಕಲೂತ್ ಹೆಸರು ಎತ್ತಿ. ಆಮೇಲೆ ನೀವು ಕೇಳುವುದೇ ಬೇಡ, ಅವರೇ ಹೇಳುತ್ತಾರೆ.